ಹಾರುವ ಹದ್ದು, ಗಿಡುಗಗಳ ಫೋಟೊ: 600 ಎಂಎಂನಲ್ಲಿ ಅರ್ಧಕ್ಕರ್ಧ ಫ್ರೇಮ್ ಮಸುಕು, ಲೆನ್ಸ್ ತಪ್ಪೋ ಬಿಸಿಲಿನ ತಪ್ಪೋ?

ಕಾಲುವೆದಂಡಿ (ಸಿಂಧನೂರು)
ನಮಸ್ಕಾರ್ರೀ ಎಲ್ಲಾರಿಗೂ. 150-600 ಎಂಎಂ ಎಫ್/5-6.3 ಲೆನ್ಸು, 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಬಾಡಿ. ಎಡದಂಡೆ ಕಾಲುವಿ ಗುಂಟ ಗದ್ದಿ ಮ್ಯಾಲೆ ಹಾರೋ ಹ್ಯಾರಿಯರ್ (ನೆಲಕ್ಕ ಹತ್ರ ಹಾರ್ತಾ ಬೇಟೆ ಹುಡುಕೋ ಗಿಡುಗ), ಕಪ್ಪುರೆಕ್ಕೆಯ ಹದ್ದು, ಗರುಡ ಇವೇ ಮುಖ್ಯ. ಸೆಟ್ಟಿಂಗ್ ಹಿಂಗದಾವ: ಷಟರ್ ಪ್ರಯಾರಿಟಿ (ಷಟರ್ ವೇಗ ನಾವೇ ಇಡೋದು) 1/2000 ಸೆಕೆಂಡ್, ಆಟೊ ಐಎಸ್ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನೋದು ಕ್ಯಾಮೆರಾನೇ ಆರಿಸ್ತದ), ಪೂರ್ತಿ ಫ್ರೇಮ್ ಮೀಟರಿಂಗ್ (ಬೆಳಕು ಅಳೆಯೋದು), ಎಲ್ಲಾ ಫೋಕಸ್ ಪಾಯಿಂಟ್ ಆನ್, ಸ್ಟೆಬಿಲೈಸೇಶನ್ (ಕೈ ಅಲುಗಾಟ ತಡೆಯೋದು) ಮೋಡ್ 1.
ತೊಂದರಿ ಮೂರು. ಆಕಾಶದ ಮುಂದ ಹಕ್ಕಿ ಕರ್ರಗ ಬರ್ತದ. ಗದ್ದಿ ಮುಂದ ಬಂದ ಕೂಡ್ಲೆ ಫೋಕಸ್ ಹಿಂದಿನ ಗಿಡಕ್ಕ ಜಿಗೀತದ. ಹತ್ತು ಗಂಟೆ ದಾಟಿದ ಮ್ಯಾಲಿನ ಫ್ರೇಮ್ ಎಲ್ಲಾ ಮೆತ್ತಗ, ಗರಿ ಒಂದೂ ಬಿಡಿಸಿ ಕಾಣಂಗಿಲ್ಲ. ಲೆನ್ಸ್ ಸರ್ವಿಸ್‌ಗೆ ಕಳಿಸಬೇಕೇನು?

ಗಾಜಿನಮನೆ (ಬಳ್ಳಾರಿ)
ಕಳಿಸೋಕೆ ಮುಂಚೆ ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಬೆಳಿಗ್ಗೆ ಏಳಕ್ಕೆ 60-80 ಮೀಟರ್ ದೂರದ ಕರೆಂಟ್ ಕಂಬದ ಪಿಂಗಾಣಿ ಇನ್ಸುಲೇಟರ್ ಆರಿಸಿಕೊಳ್ಳಿ. ಲೆನ್ಸ್ ಗಟ್ಟಿ ಆಸರೆ ಮೇಲಿರಲಿ, ಸ್ಟೆಬಿಲೈಸೇಶನ್ ಆಫ್, 1/2000, ಎಫ್/6.3, 600 ಎಂಎಂ. ಹತ್ತು ಫ್ರೇಮ್ ತೆಗೆಯಿರಿ, ಪ್ರತಿ ಸಲ ಫೋಕಸ್ ಕೆಡಿಸಿ ಮತ್ತೆ ಹಿಡಿಯಿರಿ. ಅದೇ ಕಂಬ, ಅದೇ ಜಾಗದಿಂದ ಹನ್ನೊಂದು ಗಂಟೆಗೆ ಮತ್ತೆ ಹತ್ತು.
ಕಂಪ್ಯೂಟರ್‌ನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡಿ. ಏಳರವು ಚೂಪಾಗಿ, ಹನ್ನೊಂದರವುಗಳಲ್ಲಿ ಕಂಬದ ಅಂಚು ಒಂದೊಂದರಲ್ಲಿ ಒಂದೊಂದು ತರ ಡೊಂಕಾಗಿದ್ದರೆ ಅದು ಬಿಸಿಗಾಳಿ, ಲೆನ್ಸಿಗೆ ಏನೂ ಆಗಿಲ್ಲ. ಎರಡು ಹೊತ್ತಿನವೂ ಒಂದೇ ರೀತಿ ಮೆತ್ತಗಿದ್ದರೆ ಮೊದಲು ಮುಂದಿನ ಯುವಿ ಫಿಲ್ಟರ್ ಬಿಚ್ಚಿ. ಈ ಲೆನ್ಸುಗಳಿಗೆ ಬೇಕಾದ 95 ಎಂಎಂ ಫಿಲ್ಟರಿನಲ್ಲಿ ಅಗ್ಗದ್ದು ಹಾಕಿದರೆ 600ರಲ್ಲಿ ಮೊದಲು ಕೆಡುವುದೇ ಚೂಪುತನ. ಬಿಚ್ಚಿದ ಮೇಲೂ ಹಾಗೇ ಇದ್ದು, ಬಾಡಿ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆಗಿದ್ದರೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ) ಫೋಕಸ್ ಮಾಡಿ ಹೋಲಿಸಿ. ಲೈವ್ ವ್ಯೂ ಚೂಪು, ವ್ಯೂಫೈಂಡರ್‌ದು ಮಸುಕು ಅಂದರೆ ಎಎಫ್ ಫೈನ್ ಟ್ಯೂನ್ (ಆಟೊಫೋಕಸ್ ಹಿಂದೆ-ಮುಂದೆ ಬೀಳುವುದನ್ನು ತಿದ್ದುವುದು) ಬೇಕು, ಅದನ್ನು ಮೆನುವಿನಲ್ಲೇ 600ರ ತುದಿಗೆ ಸರಿಮಾಡಿಕೊಳ್ಳಬಹುದು. ಮಿರರ್‌ಲೆಸ್ ಸೆನ್ಸರ್ ಮೇಲೇ ಫೋಕಸ್ ಅಳೆಯುವುದರಿಂದ ಈ ಹಂತ ಬಿಡಿ.

ಕರಿಮಣ್ಣು (ಸಿರುಗುಪ್ಪ)
ಗಾಜಿನಮನೆಯವರ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಸಲ ಬಿಸಿಗಾಳಿಯೇ ಸಿಕ್ಕಿಬೀಳುತ್ತದೆ. ಕಪ್ಪು ನೆಲ ಬೇಗ ಕಾಯುತ್ತದೆ, ಮೇಲಿನ ಗಾಳಿ ಪದರ ಪದರವಾಗಿ ಬೇರೆ ಬೇರೆ ಬಿಸಿಯಲ್ಲಿರುತ್ತದೆ, ಬೆಳಕು ಪ್ರತಿ ಪದರದಲ್ಲೂ ಚೂರು ಬಾಗುತ್ತದೆ. 600 ಎಂಎಂ ಆ ಬಾಗನ್ನೂ ಹಕ್ಕಿಯ ಜೊತೆಗೇ ಹಿಗ್ಗಿಸುತ್ತದೆ. ಷಟರ್ 1/8000 ಇಟ್ಟರೂ ಹೋಗುವುದಿಲ್ಲ, ಬೆಲೆ ಹತ್ತುಪಟ್ಟಿನ ಲೆನ್ಸ್ ತಂದರೂ ಹೋಗುವುದಿಲ್ಲ. 1.4 ಪಟ್ಟಿನ ಟೆಲಿಕನ್ವರ್ಟರ್ (ಲೆನ್ಸ್ ಮತ್ತು ಬಾಡಿ ನಡುವೆ ಕೂರಿಸುವ ಹಿಗ್ಗಿಸುವ ಗಾಜು) ಹಾಕಿದರೆ ಇನ್ನೂ ಕೆಡುತ್ತದೆ, ಜೊತೆಗೆ ಎಫ್/6.3 ಹೋಗಿ ಎಫ್/9 ಆಗಿ ಫೋಕಸ್ ನಿಧಾನವಾಗುತ್ತದೆ.
ಉಪಾಯ ಎರಡೇ. ಹಕ್ಕಿಗೂ ನಿಮಗೂ ನಡುವಿನ ದೂರ ಕಡಿಮೆ ಇರಬೇಕು, ನೋಟದ ಗೆರೆ ನೆಲಕ್ಕೆ ತಾಗಿಕೊಂಡು ಹೋಗಬಾರದು. ಖಾಲಿ ಹೊಲ, ಡಾಂಬರು ರಸ್ತೆ, ನೀರು ಬಿಡದ ಕಾಲುವೆ ಇವುಗಳ ಮೇಲಿಂದ ಹಾಯಿಸಿ ತೆಗೆದರೆ 80 ಮೀಟರಿಗೂ ಕೆಡುತ್ತದೆ. ನೀರು ನಿಂತ ಗದ್ದೆ ಮೇಲೆ ಅದೇ ಹೊತ್ತಿಗೆ ಇನ್ನೂ ನಡೆಯುತ್ತದೆ. ತಲೆ ಮೇಲೆ ನೇರ ಹಾಯುವ ಹದ್ದು ಮಧ್ಯಾಹ್ನವೂ ಚೂಪಾಗಿ ಬರುವುದು ಇದಕ್ಕೇ.
ಎಸಿ ಕಾರಿನಿಂದ ತಣ್ಣಗಿನ ಲೆನ್ಸ್ ಹೊರತೆಗೆದ ಕೂಡಲೇ ಲೆನ್ಸ್ ಹುಡ್ಡಿನೊಳಗೇ ಗಾಳಿ ಕದಡುತ್ತದೆ. ಜಾಗಕ್ಕೆ ಬರುವ ಅರ್ಧ ಗಂಟೆ ಮುಂಚೆ ಎಸಿ ಆರಿಸಿ ಕಿಟಕಿ ಇಳಿಸಿ. ಕಿಟಕಿಯಿಂದ ತೆಗೆಯುವಾಗ ಬಾನೆಟ್ ಮೇಲಿಂದ ಹಾಯಿಸಿ ಗುರಿ ಹಿಡಿಯಬೇಡಿ, ಎಂಜಿನ್ ಬಿಸಿ ಅಲ್ಲಿಂದಲೇ ಏಳುತ್ತದೆ.

ಚಾಣ_ನೋಡುಗ (ಮಾನ್ವಿ)
ಬಿಸಿಲಿನ ಜತಿ ಗಾಳೀನೂ ಲೆಕ್ಕ ಹಿಡೀರಿ. ಬೇಟೆ ಹಕ್ಕಿ ಏಳೋದು, ಇಳಿಯೋದು, ನಿಂತಲ್ಲೇ ರೆಕ್ಕಿ ಬಡಿಯೋದು ಎಲ್ಲಾ ಗಾಳಿಗೆ ಎದುರು ಮಾರಿ ಮಾಡೇ. ಹಂಗಂದ್ರ ಸೂರ್ಯನೂ ಗಾಳಿನೂ ಎರಡೂ ನಿಮ್ಮ ಬೆನ್ನಿಗೆ ಇದ್ರ ಹಕ್ಕಿ ಬೆಳಕಿನ್ಯಾಗ ನಿಮ್ಮ ಕಡೆನೇ ಮಾರಿ ತಿರುವ್ತದ.
ನಮ್ಮ ಕಡಿ ಇದು ಕಾಲಕ್ಕ ತಕ್ಕಂಗ ಕೂಡಿ ಬರ್ತದ. ನವೆಂಬರ್‌ನಿಂದ ಜನವರಿ ತನಕ ಗಾಳಿ ಹೆಚ್ಚಾಗಿ ಮೂಡಲ, ಈಶಾನ್ಯದಿಂದ. ಮುಂಜಾನಿ ಸೂರ್ಯನೂ ಮೂಡಲಕ್ಕೇ. ಹಂಗಾಗಿ ಚಳಿಗಾಲದಾಗ ಮುಂಜಾನಿ ಪಡುವಲಕ್ಕ ಮಾರಿ ಮಾಡಿ ನಿಲ್ಲಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಪಡುವಲದಿಂದ ಜೋರು, ಆವಾಗ ಮುಂಜಾನಿ ಬಿಟ್ಟು ಸಂಜಿ ಹೊತ್ತು ಮೂಡಲಕ್ಕ ಮಾರಿ ಮಾಡ್ರಿ. ಮಳಿಗಾಲದ ಮುಂಜಾನಿ ತೆಗೆದ್ರ ಬೆಳಕು ಬಿದ್ದಿದ್ದು ಹಕ್ಕಿ ಬೆನ್ನು, ನಿಮಗ ಕಾಣೋದು ಅದರ ಬಾಲ.
ಹ್ಯಾರಿಯರ್‌ಗೆ ಇನ್ನೊಂದು ಲಾಭ. ಗಾಳಿಗೆ ಎದುರು ಹುಡುಕ್ತಾ ಹೋಗುವಾಗ ನೆಲದ ಲೆಕ್ಕಕ್ಕ ಅದರ ವೇಗ ಭಾಳ ಕಮ್ಮಿ. ಗಾಳಿ ಜತಿ ತಿರುಗಿದ ಮ್ಯಾಲೆ ಸರ್ರನ ಹೋಗಿಬಿಡ್ತದ. ಎದುರು ಗಾಳಿ ಸುತ್ತು ಬರೋ ತನಕ ಕಾಯ್ರಿ, ಒಂದೇ ಹೊಲದ ಮ್ಯಾಲೆ ಮತ್ತ ಮತ್ತ ಅದೇ ಸಾಲು ಹಿಡೀತದ.

ಕಾಲುವೆದಂಡಿ (ಸಿಂಧನೂರು)
ಗಾಳಿ ಲೆಕ್ಕ ತಲ್ಯಾಗ ಇರಲಿಲ್ಲ ನೋಡ್ರಿ. ಹಂಗಾದ್ರ ಉತ್ತರ-ದಕ್ಷಿಣ ಹಾಯೋ ವಿತರಣಾ ಕಾಲುವಿ ಹುಡುಕಿ ಅದರ ಏರಿ ಮ್ಯಾಲೆ ನಿಲ್ಲಬೇಕು ಅಂದಂಗಾತು.

ಚಾಣ_ನೋಡುಗ (ಮಾನ್ವಿ)
ಸರಿ. ಏರಿ ಗದ್ದಿಗಿಂತ ಎತ್ತರ ಇರ್ತದಲ್ಲ, ಕೆಳಗ ಹಾರೋ ಹಕ್ಕಿ ಕಣ್ಣಿನ ಮಟ್ಟಕ್ಕ ಸಿಗ್ತದ. ಹೊಟ್ಟಿ ಬದ್ಲು ರೆಕ್ಕಿ ಮೇಲ್ಭಾಗ, ಕಣ್ಣು ಎರಡೂ ಬರ್ತಾವ.

ಬಂಡೆಸಾಲು (ಗಂಗಾವತಿ)
ಎಕ್ಸ್‌ಪೋಷರ್ ವಿಷಯಕ್ಕೆ ಬರೋಣ. ಆಟೊ ಐಎಸ್ಒ ಬಿಟ್ಟು ಪೂರ್ತಿ ಮ್ಯಾನುವಲ್ ಮಾಡಿ ಅಂತ ನನ್ನ ವಾದ. ಫ್ರೇಮಿನ ಮುಕ್ಕಾಲು ಭಾಗ ಬೆಳ್ಳನೆಯ ಆಕಾಶವಿದ್ದರೆ ಮೀಟರ್ ಬೆಳಕು ಜಾಸ್ತಿ ಅಂದುಕೊಂಡು ಇಳಿಸುತ್ತದೆ, ಹಕ್ಕಿ ಕರ್ರಗಾಗುತ್ತದೆ. ಅದೇ ಹಕ್ಕಿ ಗುಡ್ಡದ ಮುಂದೆ ಬಂದಾಗ ಏರಿಸುತ್ತದೆ, ಗರುಡದ ಬಿಳಿ ತಲೆ ಸುಟ್ಟುಹೋಗುತ್ತದೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಎರಡು ಕಡೆಯೂ ಒಂದೇ.
ಲೆಕ್ಕ ಸುಲಭ. ಸ್ವಚ್ಛ ಬಿಸಿಲಿಗೆ ಎಫ್/16ರಲ್ಲಿ ಷಟರ್ ಅಂದರೆ ಸೆಕೆಂಡಿನ ಐಎಸ್ಒ ಸಂಖ್ಯೆಯಷ್ಟನೇ ಒಂದು ಭಾಗ. ಐಎಸ್ಒ 400 ಅಂದರೆ 1/400. ಅದನ್ನೇ ಎಫ್/8ಕ್ಕೆ ತಂದರೆ 1/1600, ಎಫ್/6.3ಕ್ಕೆ 1/2500. ಅಂದರೆ ಐಎಸ್ಒ 400, ಎಫ್/6.3, 1/2500 ನಿಮ್ಮ ಬುನಾದಿ. ಬೆಳಿಗ್ಗೆ ಎಂಟರ ಸುಮಾರಿಗೆ ಒಂದು ಸ್ಟಾಪ್ ಕಮ್ಮಿ (ಅಂದರೆ ಅರ್ಧ) ಬೆಳಕು ಇರುತ್ತದೆ, ಐಎಸ್ಒ 800 ಮಾಡಿ. ತಲೆ ಮೇಲೆ ಹಾರುವ ಹದ್ದಿನ ಹೊಟ್ಟೆ ನೆರಳಲ್ಲಿರುತ್ತದೆ, ಅದಕ್ಕೆ ಇನ್ನೊಂದು ಸ್ಟಾಪ್. ಗರುಡ ಪಕ್ಕದಿಂದ ಬಿಸಿಲಲ್ಲಿ ಬಂದರೆ ಬುನಾದಿಗಿಂತ ಮೂರನೇ ಒಂದು ಸ್ಟಾಪ್ ಇಳಿಸಿ, ತಲೆ ಉಳಿಯುತ್ತದೆ. ಮೀಟರ್ ನಂಬುವುದಿದ್ದರೆ ಹಸಿರು ಭತ್ತದ ಗದ್ದೆ ಮೇಲೆ ಹಿಡಿದು ಅಳೆಯಿರಿ. ಕಪ್ಪು ಮಣ್ಣಿನ ಮೇಲೆ ಅಳೆದರೆ ಮೀಟರ್ ಮೋಸ ಹೋಗಿ ಬೆಳಕು ಜಾಸ್ತಿ ಬಿಡುತ್ತದೆ.

ಕರಿಮಣ್ಣು (ಸಿರುಗುಪ್ಪ)
ಒಂದು ಸೇರಿಸುತ್ತೇನೆ. ಹೊಟ್ಟೆಯ ನೆರಳು ಎಷ್ಟು ಗಾಢ ಅನ್ನುವುದನ್ನು ಕೆಳಗಿನ ನೆಲ ತೀರ್ಮಾನಿಸುತ್ತದೆ. ಒಣಗಿದ ಜೋಳದ ಕೂಳೆ, ಹೊಳೆ ಮರಳು, ಆನೆಗೊಂದಿ ಕಡೆಯ ಬೋಳು ಬಂಡೆ ಇವು ಬೆಳಕನ್ನು ಮೇಲಕ್ಕೆ ಚೆಲ್ಲುತ್ತವೆ, ರೆಕ್ಕೆಯ ಅಡಿಭಾಗ ತಾನೇ ತೆರೆದುಕೊಳ್ಳುತ್ತದೆ. ಉತ್ತ ಎರೆ ಹೊಲದ ಮೇಲೆ ಅದೇ ಹಕ್ಕಿ ಅದೇ ಹೊತ್ತಿಗೆ ಮಸಿ. ಬಂಡೆಸಾಲು ಅವರ 'ಇನ್ನೊಂದು ಸ್ಟಾಪ್' ಬಂಡೆ ಊರಿಗೆ ಸಾಕು, ನಮ್ಮ ಕಡೆ ಒಂದೂವರೆ ಬೇಕು.

ಹಿನ್ನೀರು (ಮುನಿರಾಬಾದ್)
ಮ್ಯಾನುವಲ್ ಎಲ್ಲ ಹೊತ್ತಿಗೂ ಆಗದು. ಜುಲೈ-ಆಗಸ್ಟ್‌ನಲ್ಲಿ ಮೋಡ ಓಡುವಾಗ ನಿಮಿಷಕ್ಕೆ ಎರಡು ಸ್ಟಾಪ್ ಏರಿಳಿತ. ಆಗ ಷಟರ್, ಅಪರ್ಚರ್ ಎರಡನ್ನೂ ಕೈಯಲ್ಲಿಟ್ಟು ಐಎಸ್ಒ ಮಾತ್ರ ಆಟೊ, ಆಕಾಶದ ಹಕ್ಕಿಗೆ ಕಾಂಪೆನ್ಸೇಶನ್ (ಕ್ಯಾಮೆರಾದ ಲೆಕ್ಕಕ್ಕಿಂತ ಬೆಳಕು ಏರಿಸುವುದು) +1ರಿಂದ +1.7, ಗುಡ್ಡ-ಗದ್ದೆ ಮುಂದೆ ಸೊನ್ನೆ. ಕಾಂಪೆನ್ಸೇಶನ್ ಡಯಲ್ ಹೆಬ್ಬೆರಳಿಗೆ ಸಿಗುವಂತೆ ಇಟ್ಟುಕೊಳ್ಳಿ.

ಬಂಡೆಸಾಲು (ಗಂಗಾವತಿ)
ಮೋಡಕ್ಕೆ ಒಪ್ಪಿದೆ.

ಗಾಜಿನಮನೆ (ಬಳ್ಳಾರಿ)
ಎರಡನೇ ತೊಂದರೆ, ಫೋಕಸ್ ಹಿಂದಕ್ಕೆ ಜಿಗಿಯುವುದು. ಎಲ್ಲ ಪಾಯಿಂಟ್ ಆನ್ ಇರುವುದೇ ಕಾರಣ. ಖಾಲಿ ಆಕಾಶಕ್ಕೆ ದೊಡ್ಡ ಏರಿಯಾ ಚೆನ್ನ, ಅಲ್ಲಿ ಹಿಡಿಯಲು ಬೇರೆ ಏನೂ ಇಲ್ಲ. ಗದ್ದೆ, ಜಾಲಿ, ಬಂಡೆ ಹಿನ್ನೆಲೆಗೆ ಬಂದರೆ ನಡುವಿನ ಒಂದು ಪಾಯಿಂಟ್ ಮತ್ತು ಅದರ ಸುತ್ತಲಿನವು ಇರುವ ಚಿಕ್ಕ ಗುಂಪಿಗೆ ಇಳಿಯಿರಿ. ಎರಡನ್ನೂ ಎರಡು ಬಟನ್‌ಗೆ ಹಂಚಿ: ಎಎಫ್-ಆನ್‌ಗೆ ಚಿಕ್ಕದು, ಪಕ್ಕದ ಬಟನ್‌ಗೆ ದೊಡ್ಡದು.
ಲೆನ್ಸ್ ಮೇಲಿನ ಲಿಮಿಟರ್ (ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ) ಸ್ವಿಚ್ 10 ಮೀಟರ್‌ನಿಂದ ಅನಂತಕ್ಕೆ. ಇಲ್ಲದಿದ್ದರೆ ಒಂದು ಸಲ ತಪ್ಪಿದ ಫೋಕಸ್ ಎರಡು ಮೀಟರ್ ತನಕ ಹೋಗಿ ವಾಪಸ್ ಬರುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಕ್ಯಾಮೆರಾ ಕಂಟಿನ್ಯುಯಸ್ ಎಎಫ್ (ಬಿಡದೆ ಹಿಂಬಾಲಿಸುವ ಫೋಕಸ್). ಟ್ರ್ಯಾಕಿಂಗ್ ಸೆನ್ಸಿಟಿವಿಟಿ 'ಲಾಕ್ಡ್ ಆನ್' ಕಡೆಗೆ: ಸೋನಿಯಲ್ಲಿ 1 ಅಥವಾ 2, ಕೆನಾನ್‌ನಲ್ಲಿ ಮೈನಸ್ ಕಡೆ, ನಿಕಾನ್‌ನಲ್ಲಿ ಬ್ಲಾಕ್ಡ್ ಶಾಟ್ 4 ಅಥವಾ 5. ಹೀಗಿಟ್ಟರೆ ನಡುವೆ ಒಂದು ಕಂಬ ಅಡ್ಡ ಬಂದರೂ ಬಿಟ್ಟು ಓಡುವುದಿಲ್ಲ. ತೊಡಕೂ ಇದೆ, ಮೊದಲ ಹಿಡಿತವೇ ಹಿಂದಿನ ಗಿಡಕ್ಕೆ ಬಿದ್ದರೆ ಅಲ್ಲೇ ಅಂಟಿಕೊಳ್ಳುತ್ತದೆ. ಆಗ ಬಟನ್ ಒತ್ತಿಕೊಂಡೇ ಇರಬೇಡಿ. ಬಿಡಿ, ಹಕ್ಕಿಯ ಕೆಳಗೆ ಹತ್ತಿರದ ಬದುವಿಗೆ ಒಂದು ಸಲ ಒತ್ತಿ ಫೋಕಸ್ ಮುಂದಕ್ಕೆ ತನ್ನಿ, ಆಮೇಲೆ ಹಕ್ಕಿಗೆ ಎತ್ತಿ.
ಹಕ್ಕಿ ಬರುವ ಮೊದಲೇ 50-60 ಮೀಟರ್ ದೂರದ ಬದುವಿಗೆ ಫೋಕಸ್ ಮಾಡಿಟ್ಟಿರಿ. ಫೋಕಸ್ ಪೂರ್ತಿ ಕೆಟ್ಟಿರುವ ವ್ಯೂಫೈಂಡರಿನಲ್ಲಿ ಹಕ್ಕಿ ಕಾಣುವುದೇ ಇಲ್ಲ, ಎಷ್ಟೇ ಸರಿಯಾಗಿ ಗುರಿ ಹಿಡಿದರೂ.

ಕಾಲುವೆದಂಡಿ (ಸಿಂಧನೂರು)
ಬರ್ಡ್ ಐ ಡಿಟೆಕ್ಷನ್ (ಹಕ್ಕಿ ಕಣ್ಣು ಕ್ಯಾಮೆರಾನೇ ಹುಡುಕೋದು) ಆನ್ ಇದ್ರೂ ಕೂಳಿ ಹೊಲದಾಗ ತಪ್ತದ. ಬಂದ್ ಮಾಡ್ಲೇನು?

ಗಾಜಿನಮನೆ (ಬಳ್ಳಾರಿ)
ಬೇಡ. ಚಿಕ್ಕ ಏರಿಯಾ ಜೊತೆಗೆ ಆನ್ ಇರಲಿ. ಆಗ ಆ ಚೌಕದೊಳಗೆ ಸಿಕ್ಕ ಹಕ್ಕಿಯಿಂದಲೇ ಶುರು ಮಾಡುತ್ತದೆ, ಮೂಲೆಯ ಒಣಕಡ್ಡಿಯನ್ನು ಕಣ್ಣು ಅಂತ ತಿಳಿಯುವುದಿಲ್ಲ.

ಬಂಡೆಸಾಲು (ಗಂಗಾವತಿ)
ಹಕ್ಕಿ ಫ್ರೇಮಿಗೆ ಸಿಗುವುದೇ ಕಷ್ಟ ಅನ್ನುವವರಿಗೆ: ಫುಲ್‌ಫ್ರೇಮ್‌ನಲ್ಲಿ 600 ಎಂಎಂ ಅಂದರೆ 100 ಮೀಟರ್ ದೂರಕ್ಕೆ ಕಾಣುವ ಅಗಲ 6 ಮೀಟರ್. ಎಪಿಎಸ್-ಸಿ (ಚಿಕ್ಕ ಸೆನ್ಸರ್) ಆದರೆ 4 ಮೀಟರ್‌ಗೂ ಕಮ್ಮಿ. 300 ಎಂಎಂಗೆ ಇಳಿಸಿದರೆ 12 ಮೀಟರ್. ಹುಡುಕುವುದು 300ರಲ್ಲಿ, ಹಿಡಿದ ಮೇಲೆ 600ಕ್ಕೆ. ಎರಡು ಕಣ್ಣೂ ತೆರೆದಿರಲಿ. ಕಣ್ಣು ಹಕ್ಕಿ ಮೇಲೇ ಇಟ್ಟು ಕ್ಯಾಮೆರಾವನ್ನು ಕಣ್ಣಿಗೆ ತರಬೇಕು, ಕ್ಯಾಮೆರಾದೊಳಗೆ ಹೋಗಿ ಹುಡುಕಬಾರದು.
ಅದೇ ಲೆಕ್ಕದಲ್ಲಿ ಹದ್ದಿನ ರೆಕ್ಕೆ ಬಿಚ್ಚಿದ ಅಗಲ ಸುಮಾರು ಒಂದೂವರೆ ಮೀಟರ್, 100 ಮೀಟರಿಗೆ ಫ್ರೇಮಿನ ಕಾಲು ಭಾಗ. ಚಿಕ್ಕ ಬೇಟೆ ಹಕ್ಕಿ ಚಾಣದ್ದು (ಕೆಸ್ಟ್ರೆಲ್) ಮುಕ್ಕಾಲು ಮೀಟರ್, ಎಂಟನೇ ಒಂದು ಭಾಗ. ಚಾಣವನ್ನು 100 ಮೀಟರಿನಿಂದ ತೆಗೆದು ಕ್ರಾಪ್ ಮಾಡಿ ಗರಿ ಹುಡುಕಿದರೆ ಸಿಗುವುದಿಲ್ಲ, 35-40 ಮೀಟರಿಗೆ ಬರಬೇಕು.
ತೀರ ಹತ್ತಿರ ಬಂದರೆ ಇನ್ನೊಂದು ಪೇಚು. 600 ಎಂಎಂ, ಎಫ್/6.3, 60 ಮೀಟರಿಗೆ ಫೋಕಸ್ ಆಳ ಸುಮಾರು ನಾಲ್ಕು ಮೀಟರ್. 20 ಮೀಟರಿಗೆ ಅದು 40 ಸೆಂಟಿಮೀಟರ್. ಕಣ್ಣಿಗೆ ಫೋಕಸ್ ಕೂತರೆ ರೆಕ್ಕೆಯ ತುದಿ ಮಸುಕಾಗುವುದು ಸಹಜ, ಅದನ್ನು ಲೆನ್ಸಿನ ತಪ್ಪು ಅನ್ನಬೇಡಿ.

ಹಿನ್ನೀರು (ಮುನಿರಾಬಾದ್)
1/2000 ಸಾಕಾ ಬೇಡವಾ ಅನ್ನೋ ಪ್ರಶ್ನೆಗೆ ಒಂದು ಗಣಿತ. ಗಂಟೆಗೆ 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್ ವೇಗದ ಹಕ್ಕಿ, 60 ಮೀಟರ್ ದೂರ, 600 ಎಂಎಂ. ಸೆನ್ಸರ್ ಮೇಲೆ ಅದರ ಬಿಂಬ ಸೆಕೆಂಡಿಗೆ 100 ಎಂಎಂ ಓಡುತ್ತದೆ. 1/2500 ಸೆಕೆಂಡಿನಲ್ಲಿ 0.04 ಎಂಎಂ. ನಿಮ್ಮ 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್‌ನಲ್ಲಿ ಒಂದು ಪಿಕ್ಸೆಲ್ 0.006 ಎಂಎಂ, ಅಂದರೆ ಏಳು ಪಿಕ್ಸೆಲ್ ಮಸುಕು. ಲೆನ್ಸ್ ಹಕ್ಕಿಯ ಜೊತೆ ತಿರುಗದೆ ನಿಂತರೆ 1/2500 ಕೂಡ ಸಾಲದು. ಜೊತೆಗೆ ತಿರುಗಿದರೆ 1/1600ರಲ್ಲೂ ತಲೆ ಚೂಪು. ಷಟರ್ ವೇಗ ಬೇಕಾಗುವುದು ರೆಕ್ಕೆಯ ಬಡಿತಕ್ಕೆ: ತೇಲುವ ಹದ್ದಿಗೆ 1/1600, ನಿಂತಲ್ಲೇ ರೆಕ್ಕೆ ಬಡಿಯುವ ಚಾಣಕ್ಕೆ 1/2500, ಮೇಲಿಂದ ಎರಗುವುದಕ್ಕೆ 1/3200.
ತಿರುಗುವುದು ಸೊಂಟದಿಂದ, ಕೈಯಿಂದಲ್ಲ. ಪಾದ ಹಕ್ಕಿ ಹೊರಹೋಗುವ ದಿಕ್ಕಿಗೆ ಮೊದಲೇ ಇಟ್ಟು, ಬರುವ ದಿಕ್ಕಿಗೆ ಮೈ ತಿರುಚಿ ಶುರು ಮಾಡಿ. ಎಡಗೈ ಲೆನ್ಸಿನ ಕಾಲರ್‌ಗಿಂತ ಮುಂದೆ ಅಡಿಯಲ್ಲಿ, ಮೊಣಕೈ ಪಕ್ಕೆಗೆ. ಕ್ಲಿಕ್ಕಿಸಿದ ಮೇಲೂ ಒಂದು ಕ್ಷಣ ತಿರುಗುತ್ತಲೇ ಇರಿ.

ಕರಿಮಣ್ಣು (ಸಿರುಗುಪ್ಪ)
ಅದಕ್ಕೇ ಮೋಡ್ 1 ಬೇಡ. ಅದು ನಿಮ್ಮ ತಿರುಗುವಿಕೆಯನ್ನೇ ಅಲುಗಾಟ ಅಂದುಕೊಂಡು ಎಳೆದಾಡುತ್ತದೆ. ಮೋಡ್ 2 ಪಕ್ಕಕ್ಕೆ ತಿರುಗಲು ಬಿಡುತ್ತದೆ. ಹಕ್ಕಿ ಅಡ್ಡಾದಿಡ್ಡಿ ಹೋದರೆ ಮೋಡ್ 3 ಇರುವ ಲೆನ್ಸಿಗೆ ಅದು. 1/2000 ದಾಟಿದ ಮೇಲೆ ಆಫ್ ಮಾಡುವುದೇ ನನಗೆ ಸರಿ ಕಾಣುತ್ತದೆ.

ಹಿನ್ನೀರು (ಮುನಿರಾಬಾದ್)
ಆಫ್ ಮಾಡಿದರೆ ವ್ಯೂಫೈಂಡರ್ ಕುಣಿಯುತ್ತದೆ, ಫೋಕಸ್ ಪಾಯಿಂಟನ್ನು ತಲೆ ಮೇಲೆ ಇಡುವುದೇ ಕಷ್ಟ. ಎರಡು ಕೆ.ಜಿ. ಲೆನ್ಸ್ ಕೈಯಲ್ಲಿ ಹಿಡಿದವರಿಗೆ ಮೋಡ್ 2 ಅಥವಾ 3 ಇರಲಿ. ಬೀನ್‌ಬ್ಯಾಗ್, ಗಿಂಬಲ್ (ಟ್ರೈಪಾಡ್ ಮೇಲಿನ ತಿರುಗುವ ತಲೆ) ಮೇಲಿದ್ದವರು ಆಫ್ ಮಾಡಲಿ.

ಚಾಣ_ನೋಡುಗ (ಮಾನ್ವಿ)
ಬೀನ್‌ಬ್ಯಾಗ್ ಅಂದ್ರ ಕೇಳ್ರಿ. ಜೋಳ, ಅಕ್ಕಿ ತುಂಬಿದ್ರ ಲೆನ್ಸ್ ಚಲೋ ಕೂಡ್ತದ, ಆದ್ರ ಮಳಿಗಾಲದಾಗ ನುಸಿ ಹಿಡೀತದ. ಭತ್ತದ ಹೊಟ್ಟು ಹಗುರ, ಲೆನ್ಸ್ ವಾಲ್ತದ. ಮರಳು ಭಾರ, ಹೊಲಿಗಿ ಬಿಚ್ಚಿತು ಅಂದ್ರ ಝೂಮ್ ರಿಂಗ್‌ನ್ಯಾಗ ಕರಕರ. ಎರಡು ಪದರ ಕ್ಯಾನ್ವಾಸ್ ಚೀಲಕ್ಕ ಮೂರು-ನಾಕು ಕೆ.ಜಿ. ಜೋಳ ತುಂಬಿ, ಬೇಸಿಗೀಗೊಮ್ಮಿ ಬಿಸಿಲಿಗೆ ಹರವಿ ಮತ್ತ ತುಂಬ್ರಿ. ಚೀಲ ಮುಕ್ಕಾಲೇ ತುಂಬಬೇಕು, ಬಿಗಿ ತುಂಬಿದ್ರ ಲೆನ್ಸ್ ಮ್ಯಾಲಿಂದ ಜಾರ್ತದ. ಎಂಜಿನ್ ಬಂದ್ ಇರಲಿ, ಅದರ ನಡುಕ ಕಿಟಕಿಗೆ ಬರ್ತದ.

ಗಾಜಿನಮನೆ (ಬಳ್ಳಾರಿ)
ದೂಳಿನ ಬಗ್ಗೆ ಒಂದು ಮಾತು. ಉದ್ದಕ್ಕೆ ಚಾಚುವ ಝೂಮ್ ಪ್ರತಿ ಸಲ ಗಾಳಿ ಒಳಗೆಳೆದು ಬಿಡುತ್ತದೆ, ಭತ್ತ ಕೊಯ್ಯುವ ಮಷೀನ್ ಹಿಂದೆ, ಸಂಡೂರು ಕಡೆಯ ಅದಿರಿನ ಲಾರಿ ಓಡುವ ರಸ್ತೆಯಲ್ಲಿ ಅದರ ಜೊತೆ ದೂಳೂ ಹೋಗುತ್ತದೆ. ಝೂಮ್ ವಾಪಸ್ ಎಳೆಯುವ ಮುನ್ನ ಚಾಚಿದ ಕೊಳವೆಯನ್ನು ಮೆತ್ತನೆ ಬ್ರಷ್‌ನಿಂದ ಒರೆಸಿ. ಮುಂದಿನ ಗಾಜಿಗೆ ಮೊದಲು ಬ್ಲೋವರ್, ಆಮೇಲೇ ಬಟ್ಟೆ. ಅದಿರಿನ ದೂಳು ಗಟ್ಟಿ, ಒಣ ಬಟ್ಟೆಯಿಂದ ಉಜ್ಜಿದರೆ ಕೋಟಿಂಗ್ ಮೇಲೆ ಗೀರು ಬೀಳುತ್ತದೆ. ಹೊಲದಲ್ಲಿ ಲೆನ್ಸ್ ಬದಲಿಸಬೇಡಿ. ಸೆನ್ಸರ್ ಮೇಲಿನ ಕಲೆ ನೋಡಲು ಎಫ್/16ರಲ್ಲಿ ಬರೀ ಆಕಾಶದ ಒಂದು ಫ್ರೇಮ್ ಸಾಕು.

ಕಾಲುವೆದಂಡಿ (ಸಿಂಧನೂರು)
ಕುಂತ ಹಕ್ಕಿ ಏಳೋ ಕ್ಷಣ ಹೆಂಗ ಗೊತ್ತಾಗ್ತದ? ಒತ್ತೂದ್ರಾಗ ಹಾರಿ ಹೋಗಿರ್ತದ.

ಬಂಡೆಸಾಲು (ಗಂಗಾವತಿ)
ಹಿಕ್ಕೆ ಹಾಕಿತು ಅಂದರೆ ತಯಾರಾಗಿ. ಮೈ ಮುಂದಕ್ಕೆ ಬಾಗಿ, ಗರಿ ಮೈಗೆ ಒತ್ತಿ ತೆಳ್ಳಗಾದರೆ ಎರಡೋ ಮೂರೋ ಸೆಕೆಂಡು. ಗಾಳಿ ಬರುವ ಕಡೆಗೆ ಫ್ರೇಮಿನಲ್ಲಿ ಜಾಗ ಬಿಡಿ, 600ರಿಂದ 400ಕ್ಕೆ ಇಳಿಸಿ, ಇಲ್ಲದಿದ್ದರೆ ರೆಕ್ಕೆ ಕತ್ತರಿಸಿ ಹೋಗುತ್ತದೆ. ಮೂರು-ನಾಲ್ಕು ಫ್ರೇಮಿನ ಚಿಕ್ಕ ಬರ್ಸ್ಟ್ ಸಾಕು, ಶುರುವಿನಲ್ಲೇ ಬಫರ್ (ಕ್ಯಾಮೆರಾದ ತಾತ್ಕಾಲಿಕ ನೆನಪು) ತುಂಬಿಸಿದರೆ ಒಳ್ಳೆಯ ಭಂಗಿ ಬರುವಾಗ ಕ್ಯಾಮೆರಾ ಮೂಕ.
ಆನೆಗೊಂದಿ ಬಂಡೆಗಳ ಬೊನೆಲಿ ಗಿಡುಗದಂಥ ದೊಡ್ಡವು ನೆಲ ಕಾದು ಗಾಳಿ ಏಳುವ ತನಕ ಕೂತೇ ಇರುತ್ತವೆ. ಚಳಿಗಾಲದಲ್ಲಿ ಎಂಟೂವರೆ-ಒಂಬತ್ತೂವರೆ ನಡುವೆ ಬಂಡೆ ಅಂಚಿಗೆ ತಾಗಿಕೊಂಡು ಮೊದಲ ಸುತ್ತು ಹಾಕುವಾಗ ಮಾತ್ರ ಕೆಳಗಿರುತ್ತವೆ. ಆಮೇಲೆ ಚುಕ್ಕಿ.

ಹಿನ್ನೀರು (ಮುನಿರಾಬಾದ್)
ಕಪ್ಪುರೆಕ್ಕೆಯ ಹದ್ದು ರೆಕ್ಕೆ ಎರಡನ್ನೂ ಮೇಲಕ್ಕೆತ್ತಿ, ಕಾಲು ಇಳಿಬಿಟ್ಟು ಇಳಿಯಲು ಶುರು ಮಾಡಿದರೆ ಗುರಿ ಖಚಿತ. ನಡುವೆ ನಿಂತು ಮತ್ತೆ ರೆಕ್ಕೆ ಬಡಿಯುತ್ತದೆ, ಗಾಬರಿಯಾಗಿ ಬಟನ್ ಬಿಡಬೇಡಿ. ಚಳಿಗಾಲಕ್ಕೆ ಡ್ಯಾಮ್ ಹಿನ್ನೀರಿಗೆ ಬರುವ ಮೀನು ಹಿಡಿಯುವ ಆಸ್ಪ್ರೇ ಕಾಲು ಮುಂದೆ ಮಾಡಿ ನೀರಿಗೆ ಬೀಳುತ್ತದೆ. ಬೀಳುವಾಗ ಸಿಗದಿದ್ದರೂ ಮೇಲೆದ್ದು ಸ್ವಲ್ಪ ದೂರ ಹೋಗಿ ಗಾಳಿಯಲ್ಲೇ ಮೈ ಕೊಡವುತ್ತದೆ, ಅದಕ್ಕೆ ಕಾದಿರಿ. ಆ ಕೊಡವುವಿಕೆಗೆ 1/3200 ಬೇಕು.

ವೇದಿಕೆ ನಿರ್ವಾಹಕ
ಗೂಡಿನ ಫೋಟೊ, ಗೂಡಿನ ಜಾಗ ಇಲ್ಲಿ ಹಾಕಬೇಡಿ, ತೆಗೆದುಹಾಕಲಾಗುವುದು. ಇಲಿ ಕಟ್ಟಿ ಆಸೆ ತೋರಿಸಿ ತೆಗೆದವೂ ಅಷ್ಟೇ. ಹ್ಯಾರಿಯರ್‌ಗಳು ರಾತ್ರಿ ನೆಲದ ಮೇಲೇ ಮಲಗುತ್ತವೆ, ಸಂಜೆ ಹುಲ್ಲುಗಾವಲಿಗೆ ಗಾಡಿ ಇಳಿಸಬೇಡಿ. ಸಿರುಗುಪ್ಪ ಕಡೆ ಹೋಗುವವರು ಇನ್ನೂ ಜಾಗ್ರತೆ, ಅದು ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ) ಕಂಡ ಸೀಮೆ. ದರೋಜಿಯಂಥ ಅಭಯಾರಣ್ಯದೊಳಗೆ ಫೋಟೊ ತೆಗೆಯಲು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಹೊಲದ ಬದುವಿಗೆ ಇಳಿಯುವ ಮುನ್ನ ರೈತರನ್ನು ಕೇಳಿ.

ಕಾಲುವೆದಂಡಿ (ಸಿಂಧನೂರು)
ಕಂಬದ ಪರೀಕ್ಷಿ ಮಾಡಿದೆ ರೀ. ಏಳರವು ಹತ್ತೂ ಚೂಪು, ಹನ್ನೊಂದರವು ಕಂಬ ಹಾವಿನಂಗ. ಲೆನ್ಸ್ ಮನ್ಯಾಗೇ ಇರಲಿ. ಇನ್ನೊಂದು: ಸದ್ದು ಆಗಬಾರದಂತ ಎಲೆಕ್ಟ್ರಾನಿಕ್ ಷಟರ್ ಹಾಕೇನಿ, ಕೆಲವು ಫ್ರೇಮ್‌ನ್ಯಾಗ ರೆಕ್ಕಿ ಬಾಳಿ ಎಲಿಯಂಗ ಸೊಟ್ಟ ಬಂದದ.

ಗಾಜಿನಮನೆ (ಬಳ್ಳಾರಿ)
ಅದು ರೋಲಿಂಗ್ ಷಟರ್. ಸೆನ್ಸರ್ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುವಷ್ಟರಲ್ಲಿ ರೆಕ್ಕೆ ಜಾಗ ಬದಲಿಸಿರುತ್ತದೆ. ಷಟರ್ 1/4000 ಮಾಡಿದರೂ ಓದುವ ವೇಗ ಬದಲಾಗುವುದಿಲ್ಲ, ಹಾಗಾಗಿ ಸೊಟ್ಟ ಹೋಗುವುದಿಲ್ಲ. ಸ್ಟ್ಯಾಕ್ಡ್ ಸೆನ್ಸರ್ (ಬಹಳ ಬೇಗ ಓದುವ ಸೆನ್ಸರ್) ಬಾಡಿ ಆದರೆ ಚಿಂತೆಯಿಲ್ಲ. ನಿಮ್ಮದು ಹೇಗೆ ಅಂತ ತಿಳಿಯಲು ಅದೇ ಕರೆಂಟ್ ಕಂಬಗಳ ಸಾಲಿನ ಮೇಲೆ ಲೆನ್ಸನ್ನು ವೇಗವಾಗಿ ಪಕ್ಕಕ್ಕೆ ತಿರುಗಿಸುತ್ತ ಎಲೆಕ್ಟ್ರಾನಿಕ್‌ನಲ್ಲಿ ಹತ್ತು, ಮೆಕ್ಯಾನಿಕಲ್‌ನಲ್ಲಿ ಹತ್ತು ತೆಗೆಯಿರಿ. ಎಲೆಕ್ಟ್ರಾನಿಕ್‌ನಲ್ಲಿ ಕಂಬ ವಾಲಿ, ಮೆಕ್ಯಾನಿಕಲ್‌ನಲ್ಲಿ ನೆಟ್ಟಗಿದ್ದರೆ ಹಾರುವ ಹಕ್ಕಿಗೆ ಮೆಕ್ಯಾನಿಕಲ್ ಇಟ್ಟುಕೊಳ್ಳಿ, ಎಲೆಕ್ಟ್ರಾನಿಕ್ ಕೂತ ಹಕ್ಕಿಗೆ ಮಾತ್ರ.